ಇಪ್ಪತ್ತೆರಡೂವರೆ ಜೋಡಿ

ಓಂಪ್ರಕಾಶನ ಟ್ರೇಲರಿನಲ್ಲಿ ನಾನು ಒಂದೇ ಒಂದು ರಾತ್ರಿಯೂ ಮಲಗಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಕ್ಯಾಲಿಫೋರ್ನಿಯಾದ ಪೊವೇ ಊರಿನ ‘ಸೇಜ್ ಹಿಲ್’ ಬಡಾವಣೆಯ ಮನೆಮಾಲೀಕರ ಸಂಘದ ಕಡತದಲ್ಲಿ ಇವತ್ತಿಗೂ ನಾನು ಆ ಟ್ರೇಲರಿನ ನಿವಾಸಿ ನಂಬರ್ ನಾಲ್ಕು. ಯೂನಿವರ್ಸಿಟಿ ಸಿಟಿಯಲ್ಲಿ ನನಗೆ ಅಪಾರ್ಟ್‌ಮೆಂಟ್ ಇದೆ, ಅದರಲ್ಲಿ ಶೋಭಾ ಎಂಬ ಹೆಂಡತಿ ಇದ್ದಾಳೆ, ಬಾಲಸುಬ್ರಹ್ಮಣ್ಯ ಎಂಬ ಹೆಸರಿಗೆ ಪ್ರತಿ ತಿಂಗಳು ಕರೆಂಟ್ ಬಿಲ್ ಬರುತ್ತದೆ. ಕಡತಕ್ಕೆ ಇದೊಂದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನನ್ನ ಹೆಸರು ಮತ್ತು ನನ್ನ ಶೂ ಮಾತ್ರ: ಬೂದು ಬಣ್ಣ, ಹತ್ತೂವರೆ ಸೈಜು, ಬಲಗಾಲಿನ ಹಿಮ್ಮಡಿ ಸವೆದಿದೆ.

ಇಷ್ಟಕ್ಕೆಲ್ಲ ಕಾರಣ 2023ರ ಯುಗಾದಿ. ಕನ್ನಡ ಕೂಟದ ಊಟದ ಸಾಲಿನಲ್ಲಿ ಸಿರಿವಂತರ ಬೀಡಾದ ಡೆಲ್ ಮಾರ್‌ನ ಶ್ರೀಕರ್ ತನ್ನ ಹೊಸ ಎಲೆಕ್ಟ್ರಿಕ್ ಕಾರಿನ ಗುಣಗಾನ ಮಾಡುತ್ತಿದ್ದ. ಕಾರು ತಾನೇ ಪಾರ್ಕ್ ಆಗುತ್ತದಂತೆ, ಮನೆಯಲ್ಲಿ ಕೂತು ಫೋನಿನಿಂದಲೇ ಎಸಿ ಹಾಕಬಹುದಂತೆ. ಹನ್ನೆರಡು ವರ್ಷದ ಹಳೆಯ ವ್ಯಾನ್ ಓಡಿಸುವ ಓಂಪ್ರಕಾಶ ಹೋಳಿಗೆಯ ತಟ್ಟೆ ಹಿಡಿದು ಕೇಳುವಷ್ಟು ಕೇಳಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿಯೇಬಿಟ್ಟ.

“ಹೊಸಾದು ಯಾರರ ತಗೋತಾರ ಬಿಡ್ರಿ. ನಾ ಒಂದು ವಿಂಟೇಜ್ ಟ್ರೇಲರ್ ರಿಸ್ಟೋರ್ ಮಾಡಾಕತ್ತೇನಿ. ಒಳಗಿಂದೆಲ್ಲಾ ನನ್ನ ಕೈಲೇನ.”

ಪಕ್ಕದಲ್ಲಿದ್ದ ಅವನ ಹೆಂಡತಿ ಅರುಂಧತಿ ಕೋಸಂಬರಿ ಬಡಿಸಿಕೊಳ್ಳುತ್ತಿದ್ದ ಚಮಚವನ್ನು ಕೆಳಗಿಟ್ಟಳು. “ಯಾವಾಗಿಂದ್ರೀ?”

“ಶನಿವಾರದಿಂದ,” ಎಂದ ಓಂಪ್ರಕಾಶ.

ಅಂದು ಬುಧವಾರ. ಆ ಹೊತ್ತಿಗೆ ಅವನ ಬಳಿ ಟ್ರೇಲರ್ ಇರಲಿಲ್ಲ, ಸುತ್ತಿಗೆ ಇರಲಿಲ್ಲ. ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ನೋಡಿದ ಏಳು ನಿಮಿಷದ ಒಂದು ವಿಡಿಯೋ ಮಾತ್ರ ಇತ್ತು. ಇಡೀ ಸಾಲಿನಲ್ಲಿ ಡ್ರಿಲ್ ಇಟ್ಟುಕೊಂಡ ಏಕೈಕ ಮನುಷ್ಯ ನಾನು. ಆ ಒಂದೇ ತಪ್ಪಿಗೆ ಶನಿವಾರ ಬೆಳಿಗ್ಗೆ ನಾನು ಅವನ ವ್ಯಾನಿನಲ್ಲಿ ಲಾಸ್ ಏಂಜಲೀಸ್ ಕಡೆಗೆ ಹೊರಟಿದ್ದೆ.

ಲಾಸ್ ಏಂಜಲೀಸಿನ ಉತ್ತರದ ತುದಿಯಲ್ಲಿ, ಸಿಲ್ಮಾರ್ ಎಂಬಲ್ಲಿ, ಒಬ್ಬ ಮುದುಕಿಯ ಹಿತ್ತಲಲ್ಲಿ ಅದು ನಿಂತಿತ್ತು. ವಾಹನದ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ, ಹದಿನಾರು ಅಡಿ ಉದ್ದ, 1966ರ ತಯಾರಿಕೆ, ಮೈತುಂಬಾ ಅಲ್ಯೂಮಿನಿಯಂ. “ಒಳಗೆ ಸ್ವಲ್ಪ ಕೆಲಸ ಇದೆ,” ಎಂದಳು ಮುದುಕಿ. ಬಾಗಿಲು ತೆಗೆದೆವು. ಚಾವಣಿಯ ಪ್ಲೈವುಡ್ಡು ನೀರು ಕುಡಿದ ಹಪ್ಪಳದ ಹಾಗೆ ಜೋತುಬಿದ್ದಿತ್ತು. ಹಾಸಿಗೆಯಲ್ಲಿ ಇಲಿಗಳು ಮೂರು ತಲೆಮಾರು ಸಂಸಾರ ಮಾಡಿದ್ದವು. ನಾನು ಒಳಗೆ ಕಾಲಿಟ್ಟೆ, ಕಾಲು ನೆಲವನ್ನು ದಾಟಿ ಸಿಲ್ಮಾರಿನ ಹುಲ್ಲಿನ ಮೇಲೆ ನಿಂತಿತು. ಓಂಪ್ರಕಾಶ ಹೊರಗೆ ನಿಂತು ಅಲ್ಯೂಮಿನಿಯಮ್ಮಿಗೆ ಬೆರಳಿನಿಂದ ಬಡಿದು ನೋಡುತ್ತಿದ್ದ.

“ಬಾಡಿ ಗಟ್ಟಿ ಐತಿ ನೋಡ್ರಿ ಬಾಲೂ ಅವರ.”

“ಓಂಪ್ರಕಾಶ್, ನನ್ನ ಕಾಲು ಸಿಕ್ಕಾಕೊಂಡಿದೆ ಕಣ್ರೀ.”

“ಅದೆಲ್ಲಾ ಒಳಗಿಂದು. ಒಳಗಿಂದು ಮಾಡಬಹುದು.”

ನೂರೈವತ್ತು ಮೈಲಿ ದೂರವನ್ನು ಆರು ಗಂಟೆಯಲ್ಲಿ ಕ್ರಮಿಸಿದೆವು. ಹಿಂದಿನಿಂದ ಬಂದ ಪ್ರತಿಯೊಬ್ಬ ಕ್ಯಾಲಿಫೋರ್ನಿಯನ್ನನೂ ನಮಗೆ ಹಾರ್ನ್ ಮಾಡಿಯೇ ಮುಂದೆ ಹೋದ. ಮನೆ ಮುಂದೆ ನಿಲ್ಲಿಸಿದಾಗ ಓಂಪ್ರಕಾಶನ ಮಗಳು ಶಿವಾನಿ ನೇರಳೆ ಬಣ್ಣದ ರಬ್ಬರ್ ಚಪ್ಪಲಿ ಎಳೆಯುತ್ತಾ ಬಂದು ಒಳಗೆ ಇಣುಕಿದಳು. ಅವಳಿಗೆ ಹದಿನೇಳು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಅಪ್ಪಾ, ದೇರ್ ಈಸ್ ನೋ ಇನ್‌ಸೈಡ್,” ಎಂದಳು.

ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ನಾನು ಯಾಕೆ ಪ್ರತಿ ಶನಿವಾರ ಅಲ್ಲಿಗೆ ಹೋಗಿ ಮೈ ನೋಯಿಸಿಕೊಂಡೆ ಎಂದು ನಿಮಗೆ ಅರ್ಥವಾಗುವುದಿಲ್ಲ. ಶಿವಾನಿಗೆ ಲಾಸ್ ಏಂಜಲೀಸಿನ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಸೆಪ್ಟೆಂಬರ್ ಕೊನೆಯ ವಾರ ಹಾಸ್ಟೆಲಿಗೆ ಸೇರಬೇಕು. ಅವಳು ಎಂಟು ವರ್ಷದವಳಿದ್ದಾಗ ಕಾರ್ಲ್ಸ್‌ಬ್ಯಾಡ್ ಸಮುದ್ರದ ದಂಡೆಯಲ್ಲಿ ಒಂದು ಟ್ರೇಲರ್ ನೋಡಿ, ಇಂಥ ಚಕ್ರದ ಮನೆ ನಮಗೂ ಬೇಕು ಎಂದಿದ್ದಳಂತೆ. ಓಂಪ್ರಕಾಶ “ಬರೂ ವರ್ಷ” ಎಂದ. ಹೀಗೆ ಒಂಬತ್ತು ವರ್ಷ ಎಂದ. ಈಗ ಅವಳನ್ನು ಅದೇ ಟ್ರೇಲರಿನಲ್ಲಿ ಕೂಡಿಸಿಕೊಂಡು, ದಾರಿಯಲ್ಲಿ ಸಮುದ್ರದ ಪಕ್ಕ ಒಂದು ರಾತ್ರಿ ತಂಗಿ, ಕಾಲೇಜಿಗೆ ಬಿಟ್ಟು ಬರಬೇಕೆಂದು ಅವನ ಆಸೆ. “ಅಕಿ ಹೋದ ಮ್ಯಾಲೆ ಈ ಡಬ್ಬಿ ತಗೊಂಡು ನಾ ಏನು ಮಾಡ್ಲಿ, ಹೇಳ್ರಿ,” ಎಂದು ಟ್ರೇಲರಿನ ಕೆಳಗೆ ಅಂಗಾತ ಮಲಗಿ, ಮುಖದ ಮೇಲೆ ತುಕ್ಕು ಉದುರಿಸಿಕೊಳ್ಳುತ್ತಾ ಹೇಳಿದ. ನನಗೂ ಪಿಚ್ಚೆನಿಸಿತು. ಅದಕ್ಕೇ ಹೋಗುತ್ತಿದ್ದೆ.

ಬಡಾವಣೆಯ ಸಂಘದ ನಿಯಮ ಸರಳವಾಗಿತ್ತು. ರಿಪೇರಿಗೆಂದು ಎಂಟು ತಿಂಗಳು ಟ್ರೇಲರನ್ನು ಮನೆ ಮುಂದೆ ನಿಲ್ಲಿಸಿಕೊಳ್ಳಬಹುದು. ಅದರಲ್ಲಿ ಯಾರೂ ವಾಸಿಸಕೂಡದು. ವಾಸಿಸಿದರೆ ಟ್ರೇಲರನ್ನು ಎಳೆದುಕೊಂಡು ಹೋಗುತ್ತಾರೆ.

ಇನ್ನು ಓಂಪ್ರಕಾಶನ ಕೆಲಸದ ವೈಖರಿ. ಲೋಕದ ಯಾವ ಬಡಗಿಯನ್ನು ಕೇಳಿದರೂ ಮೊದಲು ವೈರಿಂಗು, ಆಮೇಲೆ ಗೋಡೆ, ಆಮೇಲೆ ಕಪಾಟು, ಮರದ ನೆಲ ಎಲ್ಲಕ್ಕಿಂತ ಕೊನೆಗೆ ಎನ್ನುತ್ತಾನೆ. ಓಂಪ್ರಕಾಶ ನೆಲದಿಂದಲೇ ಶುರುಮಾಡಿದ. “ಗ್ವಾಡಿ ಯಾರು ನೋಡ್ತಾರ್ರಿ? ಒಳಗ ಬಂದ ಕೂಡ್ಲೆ ಎಲ್ಲಾರೂ ಕೆಳಗ ನೋಡ್ತಾರ.” ಓಕ್ ಮರದ ಹಲಗೆ ಜೋಡಿಸಿ ಮೂರು ಸಲ ಪಾಲಿಶ್ ಹೊಡೆದ. ಬಗ್ಗಿ ನೋಡಿದರೆ ಮುಖ ಕಾಣುತ್ತಿತ್ತು. ಮೇಲೆ ನೋಡಿದರೆ ಚಾವಣಿ ಇರಲಿಲ್ಲ.

“ಮೇಲೆ ರಟ್ಟಾದ್ರೂ ಹಾಸಿ,” ಎಂದೆ. “ಇನ್ನೂ ಗೋಡೆ ಕೆಲಸ ಎಲ್ಲಾ ಬಾಕಿ ಇದೆ.”

“ಮುಚ್ಚಿಡಾಕ ಇಷ್ಟು ಪಾಲಿಶ್ ಹೊಡದೇನೇನ್ರಿ? ಸುಮ್ನ ಚಪ್ಪಲಿ ಹೊರಗ ಬಿಟ್ಟು ಬರ್ರಿ. ನಮ್ಮ ಮಂದಿಗೆ ಅದೇನು ಹೊಸಾದ?”

ಹೊಸದೇನಲ್ಲ, ನಿಜ. ಹಾಗಾಗಿ ಮೇ ತಿಂಗಳಿಂದ ಆ ಟ್ರೇಲರಿನ ಒಳಗೆ ನಡೆದ ಕೆಲಸವೆಲ್ಲ ಬರಿಗಾಲಿನಲ್ಲೇ ನಡೆಯಿತು. ಬರಿಗಾಲಿನಲ್ಲಿ ಗರಗಸ, ಬರಿಗಾಲಿನಲ್ಲಿ ಮೊಳೆ. ಜೂನ್ ಮೊದಲ ವಾರ ನನ್ನ ಡ್ರಿಲ್ಲು ನನ್ನದೇ ಹೆಬ್ಬೆರಳಿನ ಮೇಲೆ ಬಿತ್ತು. ಡ್ರಿಲ್ಲಿಗೆ ಏನೂ ಆಗಲಿಲ್ಲ. ಬೆರಳು ಬದನೆಕಾಯಿ ಗಾತ್ರ ಊದಿಕೊಂಡು, ಶೂ ಹಾಕಲಾರದೆ ಓಂಪ್ರಕಾಶನ ಬಚ್ಚಲ ಚಪ್ಪಲಿಯಲ್ಲಿ ಮನೆಗೆ ಹೋದೆ. ನನ್ನ ಬೂದು ಶೂ ಮೂರು ವಾರ ಆ ಬಾಗಿಲಲ್ಲೇ ಹಗಲೂ ರಾತ್ರಿ ಕೂತಿತ್ತು. ನಾನು ಕಾಯಂ ನಿವಾಸಿಯಾದದ್ದು ಹೀಗೆ.

ಉಳಿದ ನಿವಾಸಿಗಳು ಕೂಟದಿಂದ ಬಂದರು. ಯುಗಾದಿಯ ಮಾತು ಊರೆಲ್ಲ ಹಬ್ಬಿತ್ತು. ಶನಿವಾರ, ಭಾನುವಾರ ಬಂತೆಂದರೆ ನಾಲ್ಕು ಜನ, ಐದು ಜನ ಬರುವುದು, ಚಪ್ಪಲಿ ಬಿಡುವುದು, ಒಳಗೆ ಹೋಗಿ ನೆಲ ನೋಡುವುದು, ಒಂದು ಸಲಹೆ ಕೊಡುವುದು. ಏಕನಾಥ ಅಂಕಲ್ ಸಿಮೆಂಟ್ ಹಾಕಿಸು ಎಂದರು. ಶ್ರೀಕರನ ಹೆಂಡತಿ ವಂದನಾ ಇಲ್ಲೊಂದು ಕಿಟಕಿ ಇದ್ದಿದ್ದರೆ ಚೆನ್ನಾಗಿತ್ತು ಎಂದಳು. ಅಲ್ಲೊಂದು ಕಿಟಕಿ ಇತ್ತು. ಶ್ರೀಕರ ಎರಡು ಸಲ ಬಂದು ಎರಡು ಸಲವೂ “ಎಷ್ಟ್ ಪರ್ಸೆಂಟ್ ಆಯ್ತು?” ಎಂದು ಕೇಳಿದ.

ಇದರ ಮೇಲೆ ಓಂಪ್ರಕಾಶನ ಅತ್ತೆ ಸಾವಿತ್ರವ್ವ ಗದಗಿನಿಂದ ಬಂದಿಳಿದರು. ಅವರಿಗೆ ನಾಲ್ಕು ಜೊತೆ ಪಾದರಕ್ಷೆ: ಬಚ್ಚಲಿಗೆ ಒಂದು, ಹಿತ್ತಲಿಗೆ ಒಂದು, ವಾಕಿಂಗಿಗೆ ಮಗಳು ಕೊಡಿಸಿದ್ದು ಒಂದು, ಗುಡಿಗೆ ಹೋಗುವಾಗ ಕಳೆದರೂ ಬೇಜಾರಿಲ್ಲ ಎನ್ನುವ ಹಳೆಯದು ಒಂದು. ಮಧ್ಯಾಹ್ನ ಟ್ರೇಲರಿನ ನುಣುಪು ನೆಲದ ಮೇಲೆ ಕೂತು ಕಾಳು ಆರಿಸುವುದು ಅವರಿಗೆ ಹಿಡಿಸಿತು. ಹೋಗುವಾಗ ಯಾವುದೋ ಹಾಕಿಕೊಂಡು ಹೋಗುತ್ತಿದ್ದರು, ಬರುವಾಗ ಬರಿಗಾಲಲ್ಲಿ ಬರುತ್ತಿದ್ದರು. ವಾರದಲ್ಲಿ ನಾಲ್ಕೂ ಜೊತೆ ಟ್ರೇಲರಿನ ಬಾಗಿಲಿಗೆ ಬಂದು ಸೇರಿದವು.

ಶ್ರೀಕರ ಎರಡನೇ ಸಲ ಬಂದು ಹೋದ ಮರುಗಳಿಗೆ, ಚಾವಣಿಗೆ ಬಗ್ಗಿಸುತ್ತಿದ್ದ ಪ್ಲೈವುಡ್ಡು ಫಟ್ಟೆಂದು ಸೀಳಿತು. ಬಗ್ಗಿಸುವ ಮೊದಲು ಅದನ್ನು ಒದ್ದೆ ಮಾಡಬೇಕಿತ್ತು, ಓಂಪ್ರಕಾಶ ಮರೆತಿದ್ದ. ಆದರೆ ಸಾವಿತ್ರವ್ವನಿಗೆ ಪ್ಲೈವುಡ್ಡಿನ ಶಾಸ್ತ್ರ ಬೇಕಿರಲಿಲ್ಲ. “ಆ ಕಾರಿನ ಹುಡುಗನ ಕಣ್ಣು ಛಲೋ ಇಲ್ಲ,” ಎಂದವರೇ ಅಳಿಯನ ಹರಿದ ಎಡಗಾಲಿನ ಚಪ್ಪಲಿಯೊಂದನ್ನು ಕರಿದಾರದಲ್ಲಿ ಪೋಣಿಸಿ, ಊರಲ್ಲಿ ಲಾರಿಗೆ ಕಟ್ಟುವ ಹಾಗೆ, ಟ್ರೇಲರಿನ ಹಿಂದೆ ನೇತುಹಾಕಿದರು.

ಎದುರುಮನೆಯಲ್ಲಿ ಗ್ಲೆನ್ ಡಟನ್ ಇದ್ದ. ಇಪ್ಪತ್ತೆಂಟು ವರ್ಷ ಅಮೆರಿಕದ ನೌಕಾಪಡೆಯ ಉಗ್ರಾಣದಲ್ಲಿ ಕಂಬಳಿ, ಡಬ್ಬಿ, ಬೂಟು ಎಣಿಸಿ ನಿವೃತ್ತನಾದವನು. ನಿವೃತ್ತಿಯಾದ ಮೇಲೆ ಎಣಿಸಲು ಏನೂ ಇಲ್ಲದೆ ಸೊರಗಿದ್ದ. ಅಂಥವನ ಎದುರಿಗೆ ದೇವರು ಓಂಪ್ರಕಾಶನ ಟ್ರೇಲರ್ ತಂದು ನಿಲ್ಲಿಸಿದ್ದ. ಗ್ಯಾರೇಜಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಫೈಲಿಟ್ಟುಕೊಂಡು ಬರೆಯುತ್ತಿದ್ದ. ನಮ್ಮನ್ನು ಕಂಡರೆ ಕೈ ಬೀಸುತ್ತಿದ್ದ, ನಾವೂ ಬೀಸುತ್ತಿದ್ದೆವು. ಪದಬಂಧ ತುಂಬುತ್ತಿದ್ದಾನೆಂದು ನಾನು ಮೂರು ತಿಂಗಳು ನಂಬಿದ್ದೆ.

ಆಗಸ್ಟ್ ಮೊದಲ ವಾರ ಸಂಘದಿಂದ ನೋಟಿಸು ಬಂತು. ಓಂಪ್ರಕಾಶ ಅದನ್ನು ಅಡುಗೆಮನೆಯಲ್ಲಿ ನಿಂತು ಎಲ್ಲರಿಗೂ ಓದಿದ. ಟ್ರೇಲರಿನಲ್ಲಿ ಅನಧಿಕೃತವಾಗಿ ಇಪ್ಪತ್ಮೂರು ಮಂದಿ ವಾಸವಾಗಿರುವ ದೂರು ಬಂದಿದೆ. ಹದಿನೈದು ದಿನ ಬಿಟ್ಟು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ತಪಾಸಣೆ. ದೂರು ನಿಜವಾದರೆ ಸೋಮವಾರ ಟ್ರೇಲರ್ ಎತ್ತಂಗಡಿ. ಜೊತೆಗೆ ಪಟ್ಟಿ.

“ನಂಬರ್ ನಾಲ್ಕು. ಬೂದು ಶೂ, ಸವೆದ ಹಿಮ್ಮಡಿ. ಗಂಡಸು. ಮೂರು ವಾರ ಹೊರಗೆ ಬಂದಿಲ್ಲ.”

“ಅದು ನಂದು ಕಣ್ರೀ!” ಎಂದೆ.

“ನಂಬರ್ ಏಳು. ನೇರಳೆ ಚಪ್ಪಲಿ, ಬಾರಿಗೆ ಸೇಫ್ಟಿ ಪಿನ್. ಯುವತಿ.”

“ಓ ಮೈ ಗಾಡ್,” ಎಂದಳು ಶಿವಾನಿ.

“ನಂಬರ್ ಒಂಬತ್ತರಿಂದ ಹನ್ನೆರಡು. ಒಂದೇ ಅಳತೆಯ ಸಣ್ಣ ಪಾದದ ನಾಲ್ವರು ಹೆಂಗಸರು. ಬಹುಶಃ ಅಕ್ಕತಂಗಿಯರು.”

ಅರುಂಧತಿ ಇದನ್ನು ಅವ್ವನಿಗೆ ಬಿಡಿಸಿ ಹೇಳಿದಳು. ಸಾವಿತ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. “ನಾ ನಾಕ್ ಮಂದಿ ಅದೇನಿ? ಹಂಗಿದ್ರ ಉಳದ ಮೂವರು ಎಲ್ಲಿ ಹೋಗ್ಯಾರ ಕೇಳು. ಇಲ್ಲಿ ರೊಟ್ಟಿ ನಾ ಒಬ್ಬಾಕಿನ ಬಡ್ಯಾಕತ್ತೇನಿ.”

“ನಂಬರ್ ಇಪ್ಪತ್ಮೂರು,” ಓಂಪ್ರಕಾಶನ ದನಿ ಇಳಿದಿತ್ತು. “ಎಡಗಾಲು ಮಾತ್ರ. ಸದಾ ಟ್ರೇಲರಿನ ಹಿಂಭಾಗದಲ್ಲಿ. ಇನ್ನೊಂದು ಕಾಲು ಈವರೆಗೆ ಕಂಡುಬಂದಿಲ್ಲ. ಈ ವ್ಯಕ್ತಿಗೆ ವೈದ್ಯಕೀಯ ನೆರವು ಬೇಕಿರಬಹುದು.”

ಅಲ್ಲಿಂದಲೇ ನಾನೂ ಓಂಪ್ರಕಾಶನೂ ಗ್ಲೆನ್‌ನ ಗ್ಯಾರೇಜಿಗೆ ಹೋದೆವು. ಅವನು ಸಿಟ್ಟಾಗಲಿಲ್ಲ, ಕೂರಲು ಕುರ್ಚಿ ಹಾಕಿದ. ಆ ಚಪ್ಪಲಿಗಳು ನೋಡಲು ಬಂದವರದ್ದು, ಅಲ್ಲಿ ಯಾರೂ ಇರುವುದಿಲ್ಲ ಎಂದು ಓಂಪ್ರಕಾಶ ವಿವರಿಸಿದ.

“ನೋಡಿ,” ಎಂದ ಗ್ಲೆನ್ ತಾಳ್ಮೆಯಿಂದ. “ನಾನು ಶೂ ಬಿಚ್ಚುವುದು ದಿನಕ್ಕೆ ಎರಡೇ ಸಲ. ಸ್ನಾನಕ್ಕೆ, ನಿದ್ದೆಗೆ. ನಿಮ್ಮ ಟ್ರೇಲರಿನಲ್ಲಿ ಬಚ್ಚಲುಮನೆ ಇದೆಯೇ?”

“ಇಲ್ಲ.”

“ಹಾಗಾದರೆ ನಿದ್ದೆ,” ಎಂದ ಗ್ಲೆನ್.

ಈ ತರ್ಕವನ್ನು ಮುರಿಯುವುದು ಹೇಗೆಂದು ನನಗೆ ಇವತ್ತಿಗೂ ಹೊಳೆದಿಲ್ಲ.

ಹದಿನೈದು ದಿನ ಇತ್ತು. ಗೋಡೆ ಮುಗಿದಿತ್ತು, ಚಾವಣಿ ಮುಗಿದಿತ್ತು, ಉಳಿದದ್ದು ಮಂಚ ಮತ್ತು ಕಪಾಟು. ಮಾಡಬೇಕಾದದ್ದು ಇಷ್ಟೇ: ನೆಲದ ಮೇಲೆ ರಟ್ಟು ಹಾಸಿ, ಚಪ್ಪಲಿ ಹಾಕಿಕೊಂಡು ಒಳಗೆ ಹೋಗುವುದು. ನಾನು ಅದನ್ನೇ ಹೇಳಿದೆ. ಶೋಭಾ ಫೋನಿನಲ್ಲಿ ಅದನ್ನೇ ಹೇಳಿದಳು. ಓಂಪ್ರಕಾಶ ಎರಡು ದಿನ ಯೋಚಿಸಿ ಬೇರೆಯೇ ನಿರ್ಧಾರಕ್ಕೆ ಬಂದ. ತೊಂದರೆ ಚಪ್ಪಲಿಯದ್ದಲ್ಲ, ಅವು ಚೆಲ್ಲಾಪಿಲ್ಲಿ ಬಿದ್ದಿರುವುದು ಎಂದು ಅವನಿಗೆ ಅನಿಸಿತ್ತು. “ನೀಟಾಗಿ ಇಟ್ಟಿದ್ರ ಯಾರೂ ಏನೂ ಅಂತಿದ್ದಿಲ್ಲ.”

ಮುಂದಿನ ಶನಿವಾರ ನಾನು ಹೋದಾಗ ಟ್ರೇಲರಿನ ಬಾಗಿಲ ಪಕ್ಕ ಎದೆಯೆತ್ತರದ, ಆಳುದ್ದ ಅಗಲದ ಒಂದು ಮರದ ಸ್ಟ್ಯಾಂಡು ನಿಂತಿತ್ತು. ಇಪ್ಪತ್ನಾಲ್ಕು ಗೂಡು, ಮೂಲೆಗಳೆಲ್ಲ ಉರುಟು, ಪಾಲಿಶ್ ಬೇರೆ. ಒಂದೊಂದು ಗೂಡಿನ ಕೆಳಗೂ ಒಂದೊಂದು ಹೆಸರಿನ ಚೀಟಿ. ಮೂರನೇ ಸಾಲಿನಲ್ಲಿ ‘ಬಾಲಸುಬ್ರಹ್ಮಣ್ಯ’. ಪಕ್ಕದಲ್ಲಿ ‘ಶ್ರೀಕರ್’, ‘ವಂದನಾ’. ಸಾವಿತ್ರವ್ವನಿಗೆ ನಾಲ್ಕು ಗೂಡು.

“ಓಂಪ್ರಕಾಶ್. ಇದಕ್ಕೆ ಪ್ಲೈವುಡ್ ಎಲ್ಲಿಂದ ಬಂತು?”

ಅವನು ಬಗ್ಗಿ ನನ್ನ ಹೆಸರಿನ ಚೀಟಿ ನೇರ ಮಾಡಿದ. ಉತ್ತರ ಕೊಟ್ಟವಳು ಅರುಂಧತಿ. “ಶಿವಾನಿ ಮಂಚಕ್ಕ ಇಟ್ಟಿದ್ದು, ಬಾಲೂ ಅಣ್ಣಾರ. ಮಗಳು ಎಲ್ಲಿ ಮಲಗಬೇಕು ಅಂದ್ರ, ಮೊದಲು ಟ್ರೇಲರ್ ಉಳೀಲಿ ಅಂತಾರ.”

ನನ್ನ ಮೈಯೆಲ್ಲ ಉರಿದುಹೋಯಿತು. ಮಂಚಕ್ಕೆಂದು ನಾನೇ ಹೋಗಿ ಒಂದೊಂದೇ ಹಲಗೆ ನೋಡಿ ಆರಿಸಿ ತಂದ ಬರ್ಚ್ ಪ್ಲೈವುಡ್ಡು ಅದು. ಅಷ್ಟರಲ್ಲಿ ಗ್ಲೆನ್ ಮೊದಲ ಸಲ ರಸ್ತೆ ದಾಟಿ ಬಂದ. ಸ್ಟ್ಯಾಂಡಿನ ಸುತ್ತ ಒಂದು ಸುತ್ತು ಹಾಕಿ, ಕೀಲುಗಳನ್ನು ಮುಟ್ಟಿ ನೋಡಿ, “ಬಹಳ ಒಳ್ಳೆಯ ಕೆಲಸ,” ಎಂದ ಮನಸಾರೆ. ಆಮೇಲೆ ಒಂದೊಂದು ಚೀಟಿಯ ಫೋಟೋ ತೆಗೆದುಕೊಂಡ. ಅಲ್ಲಿಯವರೆಗೆ ಅವನ ಬಳಿ ನಮ್ಮ ಪಾದಗಳಷ್ಟೇ ಇದ್ದವು, ಈಗ ಹೆಸರೂ ಸಿಕ್ಕಿದವು.

ತಪಾಸಣೆಯ ದಿನ ಬಂತು. ಓಂಪ್ರಕಾಶ ನನಗೂ ಹೇಳದೆ ಇನ್ನೊಂದು ಬುದ್ಧಿವಂತಿಕೆ ಮಾಡಿದ್ದ. ಇಲ್ಲಿ ವಾಸವಿಲ್ಲ ಎಂದು ಸಾಕ್ಷಿ ಹೇಳಲು ಕೂಟದವರನ್ನೆಲ್ಲ ಕರೆದಿದ್ದ. ಅವರೂ ನೆಟ್ಟಗೆ ಹತ್ತೂವರೆಗೇ ಬಂದು, ತಮ್ಮ ತಮ್ಮ ಹೆಸರಿನ ಗೂಡಿನಲ್ಲಿ ಚಪ್ಪಲಿ ಇಟ್ಟು, ಬಿಸಿಲೆಂದು ಟ್ರೇಲರಿನ ಒಳಗೆ ಸಾಲಾಗಿ ಕೂತುಬಿಟ್ಟಿದ್ದರು. ಸಾವಿತ್ರವ್ವ ಎಲ್ಲರಿಗೂ ಮಂಡಕ್ಕಿ ಗಿರಮಿಟ್ ಹಂಚುತ್ತಿದ್ದರು. ದ್ವಾದಶಿ ಪಾರಣೆಯ ಮಠದಲ್ಲೂ ನಾನು ಇಷ್ಟು ಶಿಸ್ತಿನ ಪಂಕ್ತಿ ಕಂಡಿಲ್ಲ.

ಸಂಘದ ತಪಾಸಣಾಧಿಕಾರಿ ಮಿಸ್ ಒರ್ಟೆಗಾ ಹನ್ನೊಂದಕ್ಕೆ ಸರಿಯಾಗಿ ಬಂದಳು. ಕೈಯಲ್ಲಿ ಟ್ಯಾಬ್, ಕಾಲಲ್ಲಿ ಕಬ್ಬಿಣದ ಮೂತಿಯ ಕಪ್ಪು ಬೂಟು.

“ಇದರಲ್ಲಿ ಎಷ್ಟು ಜನ ಇದ್ದೀರಿ?” ಎಂದು ಕೇಳಿದಳು.

“ಒಬ್ಬರೂ ಇಲ್ಲ ಮೇಡಂ,” ಎಂದ ಓಂಪ್ರಕಾಶ, ಇಪ್ಪತ್ತೆರಡು ಜೋಡಿ ತುಂಬಿದ ಸ್ಟ್ಯಾಂಡಿಗೆ ಬೆನ್ನು ಕೊಟ್ಟು ನಿಂತು.

ಅವಳು ಟ್ರೇಲರಿನ ಬಾಗಿಲು ತೆಗೆದಳು. ಬಾಯಿ ತುಂಬ ಗಿರಮಿಟ್ ಇಟ್ಟುಕೊಂಡ ಹನ್ನೊಂದು ಮಂದಿ ಒಟ್ಟಿಗೆ ತಲೆಯೆತ್ತಿ, “ನಾವು ಇಲ್ಲಿ ಇರೋದಿಲ್ಲ!” ಎಂದು ಇಂಗ್ಲಿಷಿನಲ್ಲಿ ಒಕ್ಕೊರಲಿನಿಂದ ಕೂಗಿದರು. ಅದನ್ನು ಅವರಿಗೆ ಮುಂಚೆಯೇ ಹೇಳಿಕೊಡಲಾಗಿತ್ತು.

“ನೀವು ಎಲ್ಲಿರುವುದು?” ಎಂದು ಮುಂದಿದ್ದವನನ್ನು ಕೇಳಿದಳು.

“ಡೆಲ್ ಮಾರ್,” ಎಂದ ಶ್ರೀಕರ, ಸ್ವಲ್ಪ ಎದೆಯುಬ್ಬಿಸಿ.

ಅವಳು ಅವನ ತೂತು ಬಿದ್ದ ಸಾಕ್ಸನ್ನು ನೋಡಿದಳು. “ಹಾಗಾದರೆ ಹೊರಗೆ ಗೂಡಿನ ಮೇಲೆ ನಿಮ್ಮ ಹೆಸರು ಯಾಕಿದೆ?”

ಎಲೆಕ್ಟ್ರಿಕ್ ಕಾರಿನ ಒಡೆಯ ತಟ್ಟೆಯನ್ನು ಸಾಕ್ಸಿಗೆ ಅಡ್ಡ ಹಿಡಿದ. ನನಗೆ ಆ ಗಳಿಗೆಯಲ್ಲೂ ಕೊಂಚ ಸಂತೋಷವಾಯಿತು.

ಅಧಿಕಾರಿ ಒಳಗೆ ಕಾಲಿಡಲು ಹೋದಳು. ಸಾವಿತ್ರವ್ವ ಕೈ ಅಡ್ಡ ಇಟ್ಟರು. “ಏ ತಂಗಿ, ಬೂಟು! ಹಂಗ ಮನ್ಯಾಗ ಬರ್ತಾರೇನ?”

“ಅತ್ತೀ, ಮನಿ ಅನಬ್ಯಾಡ್ರಿ!” ಎಂದು ಓಂಪ್ರಕಾಶ ಕಿರುಚಿದ.

ಎಲ್ಲರೂ ಶಿವಾನಿಯ ಮುಖ ನೋಡಿದರು. ಅಜ್ಜಿ ನೆಲಕ್ಕಾಗಿ ಬೂಟು ಬಿಚ್ಚಲು ಕೇಳುತ್ತಿದ್ದಾಳೆ ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಮಿಸ್ ಒರ್ಟೆಗಾ ಆ ನೆಲ ನೋಡಿದಳು. ಅವಳ ಮುಖವೂ ಅದರಲ್ಲಿ ಕಂಡಿರಬೇಕು. “ನನ್ನ ಅಜ್ಜಿಯೂ ಹೀಗೆಯೇ,” ಎಂದು ನಿಟ್ಟುಸಿರು ಬಿಟ್ಟು, ಬಗ್ಗಿ ಬೂಟು ಬಿಚ್ಚಿ, ಸ್ಟ್ಯಾಂಡಿನಲ್ಲಿ ಖಾಲಿಯಿದ್ದ ಕೊನೆಯ ಗೂಡಿನಲ್ಲಿ ಇಟ್ಟಳು.

ಒಳಗೆ ಬಂದವಳಿಗೆ ಸಾವಿತ್ರವ್ವ ಒಂದು ತಟ್ಟೆ ಹಿಡಿಸಿದರು. ಅವಳು ತಿನ್ನುತ್ತಲೇ ತಪಾಸಣೆ ಮಾಡಿದಳು. ಒಲೆ ಇಲ್ಲ, ನಲ್ಲಿ ಇಲ್ಲ, ಬಚ್ಚಲಿಲ್ಲ. ಬರೀ ಹೊಸ ಗೋಡೆ, ಹೊಸ ಚಾವಣಿ, ಕನ್ನಡಿಯಂಥ ನೆಲ.

“ಇದರಲ್ಲಿ ಮಂಚ ಎಲ್ಲಿ?” ಎಂದಳು.

ನನಗೆ ಐದು ತಿಂಗಳ ಸಿಟ್ಟು ಒಟ್ಟಿಗೆ ಬಂತು. “ಹೊರಗಿದೆ ಮೇಡಂ. ಈಗ ನೀವು ಬೂಟು ಇಟ್ಟಿರಲ್ಲ, ಅದೇ ಮಂಚ. ಮಗಳು ಮಲಗುವ ಮಂಚದ ಪ್ಲೈವುಡ್ಡಿನಲ್ಲಿ ಈ ಮಹಾನುಭಾವ ಚಪ್ಪಲಿ ಸ್ಟ್ಯಾಂಡು ಮಾಡಿದ್ದಾನೆ. ಮಂಚವೇ ಇಲ್ಲದ ಕಡೆ ಇಪ್ಪತ್ಮೂರು ಜನ ಎಲ್ಲಿ ಮಲಗುತ್ತಾರೆ, ನೀವೇ ಹೇಳಿ!”

“ಆ ಇಪ್ಪತ್ಮೂರನೆಯವರು?” ಅವಳ ದನಿಯಲ್ಲಿ ನಿಜವಾದ ಕಳವಳವಿತ್ತು. “ಒಂದೇ ಕಾಲಿನವರು?”

ಶಿವಾನಿ ಅವಳನ್ನು ಹಿಂಬದಿಯ ಕಿಟಕಿಗೆ ಕರೆದೊಯ್ದು ನೇತಾಡುತ್ತಿದ್ದ ಚಪ್ಪಲಿ ತೋರಿಸಿ, ದೃಷ್ಟಿ ಎಂದರೇನೆಂದು ತನಗೆ ತಿಳಿದಷ್ಟು ಹೇಳಿದಳು. ಮಿಸ್ ಒರ್ಟೆಗಾ ಟ್ಯಾಬಿನಲ್ಲಿ ‘ಅಲಂಕಾರ’ ಎಂದು ಬರೆದುಕೊಂಡಳು.

ಆಗಲೇ ಅವಳ ಟ್ಯಾಬು ಟಿಣ್ ಎಂದಿತು. ಸಂಘದ ಆ್ಯಪಿಗೆ ಹೊಸ ದೂರು. ಅವಳು ಓದುತ್ತಾ ಓದುತ್ತಾ ತಿನ್ನುವುದನ್ನು ನಿಲ್ಲಿಸಿದಳು. ಆಮೇಲೆ ಗಟ್ಟಿಯಾಗಿ ಓದಿದಳು.

“ಹೊಸ ನಿವಾಸಿ. ನಂಬರ್ ಇಪ್ಪತ್ನಾಲ್ಕು. ಕಪ್ಪು ಬೂಟು, ಎಂಟನೇ ಸೈಜು, ಹೆಂಗಸು. ಹನ್ನೊಂದು ಹತ್ತಕ್ಕೆ ಒಳಗೆ ಹೋದವರು ಹನ್ನೊಂದೂ ಐವತ್ತಾದರೂ ಬಂದಿಲ್ಲ. ಸಂಘದ ಕಾರಿನಲ್ಲಿ ಬಂದಿರುವಂತೆ ಕಾಣುತ್ತದೆ. ಊಟ ಒಳಗೇ ಆಗುತ್ತಿದೆ.”

ಮಿಸ್ ಒರ್ಟೆಗಾ ತಟ್ಟೆ ಕೆಳಗಿಟ್ಟು, ಬರಿಗಾಲಿನಲ್ಲೇ ರಸ್ತೆ ದಾಟಿ, ಬಿಸಿ ಡಾಂಬರಿಗೆ ಕುಣಿಯುತ್ತಾ ಗ್ಲೆನ್‌ನ ಗ್ಯಾರೇಜು ತಲುಪಿದಳು. “ಮಿಸ್ಟರ್ ಡಟನ್, ನನ್ನ ಮನೆ ಇರುವುದು ಎಸ್ಕೊಂಡಿಡೋದಲ್ಲಿ!” ಎಂದು ಅವಳು ಕೂಗಿದ್ದು ನಮಗೆಲ್ಲ ಕೇಳಿಸಿತು.

ಗ್ಲೆನ್ ಎದ್ದು ನಿಂತ. “ಎಣಿಕೆ ಸರಿಯಾಗಿದೆ ಮೇಡಂ. ಅದರ ಅರ್ಥ ಹಚ್ಚುವುದು ಕಚೇರಿಯ ಕೆಲಸ.”

ದೂರು ವಜಾ ಆಯಿತು. ಆದರೆ ಒಮ್ಮೆ ದಾಖಲಾದ ಹೆಸರು ಅಳಿಸಲು ಆ್ಯಪಿನಲ್ಲಿ ಅವಕಾಶವಿಲ್ಲವಂತೆ. ಮಿಸ್ ಒರ್ಟೆಗಾ ತಾನೂ ಇಪ್ಪತ್ನಾಲ್ಕನೇ ನಂಬರಾಗಿ ಉಳಿದೇ ಹೋದಳು. ಹೋಗುವಾಗ ಮನೆ ಮುಂದೆ ಪೀಠೋಪಕರಣ ಇಡುವಂತಿಲ್ಲ, ಸೋಮವಾರದೊಳಗೆ ಈ ಸ್ಟ್ಯಾಂಡು ತೆಗೆಯಿರಿ ಎಂದಳು. ಸಾವಿತ್ರವ್ವ ಅವಳಿಗೆ ಮನೆಗೆಂದು ಒಂದು ಡಬ್ಬಿ ಗಿರಮಿಟ್ ಕಟ್ಟಿಕೊಟ್ಟರು.

ಓಂಪ್ರಕಾಶ ಸ್ಟ್ಯಾಂಡಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತ. ಹೊಸ ಪ್ಲೈವುಡ್ಡಿಗೆ ದುಡ್ಡು ಉಳಿದಿರಲಿಲ್ಲ. ಶಿವಾನಿ ಬಂದು ಸ್ಟ್ಯಾಂಡನ್ನು ಒಂದು ನಿಮಿಷ ನೋಡಿ, ಕಾಲಿನಿಂದ ಮೆಲ್ಲಗೆ ತಳ್ಳಿ ಅಂಗಾತ ಮಲಗಿಸಿದಳು. “ಅಪ್ಪಾ. ಬೆಡ್,” ಎಂದಳು. ಅಗಲವನ್ನೇ ಉದ್ದವೆಂದು ಅಳತೆ ಹಿಡಿದರೆ ಆರು ಅಡಿ ಎರಡು ಇಂಚು. ಇಪ್ಪತ್ನಾಲ್ಕು ಗೂಡಿನಲ್ಲಿ ಅವಳ ಪುಸ್ತಕ, ಬಟ್ಟೆ, ಅಜ್ಜಿಯ ಚಟ್ನಿಪುಡಿ ಎಲ್ಲ ಹಿಡಿದವು. ಮೇಲೊಂದು ಹಲಗೆ, ಅದರ ಮೇಲೆ ಹಾಸಿಗೆ. ಐದು ತಿಂಗಳು ಇಬ್ಬರು ಇಂಜಿನಿಯರುಗಳಿಗೆ ಆಗದ್ದನ್ನು ಅವಳು ಕಾಲಿನ ತುದಿಯಲ್ಲಿ ಮಾಡಿದ್ದು ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸೆಪ್ಟೆಂಬರ್ ಕೊನೆಯ ಶುಕ್ರವಾರ ಅವರು ಹೊರಟರು. ಸ್ಯಾನ್ ಕ್ಲೆಮೆಂಟೆಯ ಸಮುದ್ರದ ಪಕ್ಕ ಒಂದು ರಾತ್ರಿ ತಂಗಿದರು. ಶಿವಾನಿ ತನ್ನ ಮಂಚದ ಮೇಲೆ ಮಲಗಿದಳು, ಓಂಪ್ರಕಾಶ ತನ್ನ ನೆಲದ ಮೇಲೆ ಮಲಗಿದ. ಮರುದಿನ ಹಾಸ್ಟೆಲಿನಲ್ಲಿ ಅವನು ಮಗಳ ಕೋಣೆಯ ಹೊರಗೆ ಶೂ ಬಿಟ್ಟು ಒಳಗೆ ಹೋದದ್ದು, ಯಾರೋ ಅದನ್ನು ಕಳೆದುಹೋದ ವಸ್ತುಗಳ ಕಚೇರಿಗೆ ಒಪ್ಪಿಸಿದ್ದು, ಬರಿಗಾಲಿನಲ್ಲೇ ವ್ಯಾನ್ ಓಡಿಸಿಕೊಂಡು ಬಂದದ್ದು, ಇವನ್ನೆಲ್ಲ ಅರುಂಧತಿ ಹೇಳಿದಳು. “ಒಂದು ಹನಿ ಕಣ್ಣೀರ ಹಾಕಲಿಲ್ಲ ನೋಡ್ರಿ. ಬರೀ ಶೂ, ಶೂ ಅಂತ ಒದರಿಕೋತ ಬಂದ್ರು.”

ನನ್ನ ಡ್ರಿಲ್ಲು ವಾಪಸು ತರಲು ನಾನು ಬುಧವಾರ ಸಂಜೆ ಹೋದೆ. ಟ್ರೇಲರ್ ಮತ್ತೆ ಮನೆ ಮುಂದೆ ನಿಂತಿತ್ತು. ಓಂಪ್ರಕಾಶ ಅದರ ಮೆಟ್ಟಿಲ ಮೇಲೆ ಕೂತಿದ್ದ. ಅಷ್ಟರಲ್ಲಿ ಗ್ಲೆನ್ ರಸ್ತೆ ದಾಟಿ ಬಂದ, ಕಂಕುಳಲ್ಲಿ ಅದೇ ಫೈಲು. ನನ್ನ ಪಿತ್ತ ನೆತ್ತಿಗೇರಿತು. ಇನ್ನೇನು ಬಾಕಿ ಇದೆ ಎಂದು ಕೇಳಲು ಬಾಯಿ ತೆರೆದೆ.

“ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ,” ಎಂದ ಗ್ಲೆನ್. “ಒಂದು ಜೋಡಿ ಕಡಿಮೆ ಬರುತ್ತಿದೆ. ನಂಬರ್ ಏಳು. ನೇರಳೆ ಬಣ್ಣದ್ದು, ಸೇಫ್ಟಿ ಪಿನ್ ಇದ್ದದ್ದು. ಶುಕ್ರವಾರದಿಂದ ಕಂಡಿಲ್ಲ. ನಾಲ್ಕು ದಿನ ಎಣಿಸಿ ನೋಡಿದೆ.” ಫೈಲನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿ, “ಹುಡುಗಿ ಚೆನ್ನಾಗಿದ್ದಾಳೆ ತಾನೇ?” ಎಂದ.

ಓಂಪ್ರಕಾಶನಿಗೆ ಲಾಸ್ ಏಂಜಲೀಸಿನಲ್ಲಿ ಬಾರದೆ ಇದ್ದದ್ದೆಲ್ಲ ಈಗ ಬಂತು. ಐವತ್ತು ವರ್ಷದ ಗಂಡಸು ಮೆಟ್ಟಿಲ ಮೇಲೆ ಕೂತು, ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಿಕ್ಕಿ ಬಿಕ್ಕಿ ಅತ್ತ. ಕಾಲೇಜಿಗೆ ಹೋಗಿದ್ದಾಳೆ ಎಂದು ಗ್ಲೆನ್‌ಗೆ ನಾನೇ ಹೇಳಬೇಕಾಯಿತು.

ಗ್ಲೆನ್ ತಲೆಯಾಡಿಸಿ ಫೈಲು ತೆರೆದ. ಏಳನೇ ಸಾಲಿನ ಮೇಲೆ ಗೀಟು ಎಳೆಯುತ್ತಾನೆಂದುಕೊಂಡೆ. ಎಳೆಯಲಿಲ್ಲ. ಮುಂದಿನ ಖಾನೆಯಲ್ಲಿ ದುಂಡಗೆ ಬರೆದ: ‘ರಜೆಯ ಮೇಲೆ.’ “ಯಾವಾಗ ವಾಪಸು?” ಎಂದ.

“ನವೆಂಬರಿಗೆ, ಥ್ಯಾಂಕ್ಸ್‌ಗಿವಿಂಗ್‌ಗೆ,” ಎಂದ ಓಂಪ್ರಕಾಶ ಮೂಗೆಳೆಯುತ್ತಾ.

ಅದನ್ನೂ ಬರೆದುಕೊಂಡ. ಒಳಗಿನಿಂದ ಸಾವಿತ್ರವ್ವ ಚಹಾಕ್ಕೆ ಬರಲು ಕೂಗಿದರು. ಗ್ಲೆನ್ ಟ್ರೇಲರಿನ ಬಾಗಿಲನ್ನು ನೋಡಿದ, ತನ್ನ ಕಾಲನ್ನು ನೋಡಿದ. ಆಮೇಲೆ ಮೊಣಕಾಲು ಹಿಡಿದುಕೊಂಡು ನಿಧಾನ ಬಗ್ಗಿ ಲೇಸು ಬಿಚ್ಚತೊಡಗಿದ.

ಇದೇ ಒಳ್ಳೆಯ ಸಮಯವೆಂದು ನಾನು ಮೆಲ್ಲಗೆ ಕೇಳಿದೆ. “ಮಿಸ್ಟರ್ ಡಟನ್, ಆ ನಂಬರ್ ನಾಲ್ಕನ್ನು ಮಾತ್ರ ದಯವಿಟ್ಟು ತೆಗೆದುಹಾಕಿ. ನಾನು ಇಲ್ಲಿ ವಾಸವಿಲ್ಲ.”

ಗ್ಲೆನ್ ಬಗ್ಗಿದಲ್ಲಿಂದಲೇ ಬಾಗಿಲ ಪಕ್ಕ ನಾನು ಆಗಲೇ ಬಿಚ್ಚಿಟ್ಟಿದ್ದ ಬೂದು ಶೂಗಳನ್ನು ನೋಡಿದ, ಬರಿಗಾಲಿನಲ್ಲಿ ನಿಂತಿದ್ದ ನನ್ನನ್ನು ನೋಡಿದ, ಇಲ್ಲವೆಂದು ತಲೆಯಾಡಿಸಿದ.